ಟೈಪ್-ಸಿ ಕಿಂಡಿಯಿಂದ ಕಿವಿಯವರೆಗೆ: ಜ್ಯಾಕ್ ಇಲ್ಲದ ಸಾಧನಗಳಿಗೆ ಹೆಡ್‌ಫೋನ್ ಜೋಡಿಸುವ ಬಗೆ

ಮೈಸೂರು ರಸ್ತೆಯ ದೀಪಾಂಜಲಿ ನಗರ ಮೆಟ್ರೊ ನಿಲ್ದಾಣ ಬಾಗಿಲು ತೆರೆದದ್ದು 2015ರ ನವೆಂಬರ್‌ನಲ್ಲಿ. ಆಗ ರೈಲು ಓಡುತ್ತಿದ್ದುದು ಮಾಗಡಿ ರಸ್ತೆಯವರೆಗೆ ಮಾತ್ರ. ಆ ದಿನಗಳಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತವರ ಕೈಯಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲದ ಫೋನ್ ಕಾಣುವುದೇ ಅಪರೂಪವಾಗಿತ್ತು. ಮರುವರ್ಷ ಚೀನಾದ ಲೆಇಕೊ ಕಂಪನಿ ಜ್ಯಾಕ್ ತೆಗೆದ ಫೋನುಗಳನ್ನು ತಂದಿತು. ಸೆಪ್ಟೆಂಬರ್‌ನಲ್ಲಿ ಐಫೋನ್ 7 ಬಂತು, ಅದರಲ್ಲೂ ಜ್ಯಾಕ್ ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಸುಮಾರು 43 ಕಿ.ಮೀ. ಪೂರ್ತಿಯಾಗುವ ಹೊತ್ತಿಗೆ ಮಧ್ಯಮ ಬೆಲೆಯ ಫೋನುಗಳಿಂದಲೂ ಆ ದುಂಡನೆಯ ತೂತು ಮರೆಯಾಗತೊಡಗಿತ್ತು.

ತೂತು ಹೋದರೂ ಅಗತ್ಯ ಹೋಗಲಿಲ್ಲ. ಮೆಟ್ರೊದಲ್ಲಿ ಎಲ್ಲರಿಗೂ ಕೇಳುವಂತೆ ಹಾಡು, ವಿಡಿಯೊ ಹಾಕುವಂತಿಲ್ಲ. ಹೈಕೋರ್ಟ್ ನಿರ್ದೇಶನದ ಹಿನ್ನೆಲೆಯಲ್ಲಿ 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಕೂಡ ಬಸ್ಸಿನಲ್ಲಿ ಮೊಬೈಲಿನ ಧ್ವನಿ ಜೋರಾಗಿಡುವುದನ್ನು ನಿಷೇಧಿಸಿತು. ದೀಪಾಂಜಲಿ ನಗರದಿಂದ ಒಂದೆರಡು ನಿಲ್ದಾಣ ಆಚೆಗಿರುವ ಅತ್ತಿಗುಪ್ಪೆ, ವಿಜಯನಗರಗಳಲ್ಲಿ ಐಎಎಸ್, ಕೆಎಎಸ್ ಪರೀಕ್ಷೆಗೆ ಓದುವ ಸಾವಿರಾರು ಯುವಕ ಯುವತಿಯರು ಪಿ.ಜಿ. ಕೋಣೆಗಳಲ್ಲಿ, ಗ್ರಂಥಾಲಯಗಳಲ್ಲಿ ಗಂಟೆಗಟ್ಟಲೆ ಆನ್‌ಲೈನ್ ಪಾಠ ಕೇಳುತ್ತಾರೆ. ಕೋಣೆಯಲ್ಲಿ ಮೂವರಿದ್ದರೆ ಮೂವರಿಗೂ ಹೆಡ್‌ಫೋನ್ ಬೇಕು. ಚಾರ್ಜ್ ಮುಗಿಯುವ ಭಯವಿಲ್ಲದ, ಕಡಿಮೆ ಬೆಲೆಗೆ ಸಿಗುವ ತಂತಿಯ ಇಯರ್‌ಫೋನ್ ಇವರಿಗೆ ಈಗಲೂ ಒಳ್ಳೆಯ ಜೊತೆ.

ತೊಂದರೆ ಶುರುವಾಗುವುದು ಅಂಗಡಿಯಿಂದ ‘ಟೈಪ್-ಸಿ ಕನೆಕ್ಟರ್’ ತಂದ ಮೇಲೆ. ಪಿನ್ ಸರಿಯಾಗಿ ಕೂರುತ್ತದೆ, ಧ್ವನಿ ಮಾತ್ರ ಫೋನಿನ ಸ್ಪೀಕರಿನಿಂದಲೇ ಬರುತ್ತದೆ. ಅದೇ ಕನೆಕ್ಟರ್ ಗೆಳೆಯರ ಫೋನಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೀಗಾದಾಗ ಫೋನ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಅಲೆಯುವವರಿದ್ದಾರೆ, ಕನೆಕ್ಟರನ್ನು ಕಸಕ್ಕೆ ಎಸೆಯುವವರೂ ಇದ್ದಾರೆ. ಬಹಳಷ್ಟು ಸಲ ಎರಡೂ ಕೆಟ್ಟಿರುವುದಿಲ್ಲ, ಒಂದಕ್ಕೊಂದು ಹೊಂದಿಕೆಯಾಗಿರುವುದಿಲ್ಲ ಅಷ್ಟೆ.

ಸಂಖ್ಯೆ ಎಲ್ಲಿ ಅಲೆಯಾಗುತ್ತದೆ?

ಫೋನಿನಲ್ಲಿರುವ ಹಾಡು ಸಂಖ್ಯೆಗಳ ಸಾಲು. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡಿಗೆ ಪ್ರತಿ ಕಿವಿಗೂ 44,100 ಸಂಖ್ಯೆಗಳಿರುತ್ತವೆ, ಒಂದೊಂದು ಸಂಖ್ಯೆಗೂ 65,536 ಹಂತಗಳ ಅವಕಾಶ. ಆದರೆ ಇಯರ್‌ಫೋನಿನೊಳಗಿನ ತೆಳು ಪೊರೆಗೆ ಸಂಖ್ಯೆ ಅರ್ಥವಾಗದು. ಅದು ಅಲುಗಾಡಬೇಕಾದರೆ ಏರಿಳಿಯುವ ವಿದ್ಯುತ್ ಬೇಕು. ಸಂಖ್ಯೆಯನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಆ ಅಲೆಗೆ ಬಲ ತುಂಬಲು ಪಕ್ಕದಲ್ಲಿ ಸಣ್ಣ ಆಂಪ್ಲಿಫೈಯರ್ ಇರುತ್ತದೆ.

ದುಂಡನೆಯ ಜ್ಯಾಕ್ ಇದ್ದ ಕಾಲದಲ್ಲಿ ಇವೆರಡೂ ಫೋನಿನೊಳಗೇ ಇರುತ್ತಿದ್ದವು. 3.5 ಮಿ.ಮೀ. ಅಳತೆಯ ಈ ಜ್ಯಾಕ್ ಟೆಲಿಫೋನ್ ವಿನಿಮಯ ಕೇಂದ್ರಗಳ ದಪ್ಪ ಪ್ಲಗ್ಗಿನ ಮರಿ. ಟ್ರಾನ್ಸಿಸ್ಟರ್ ರೇಡಿಯೊ ಕಾಲದಲ್ಲಿ ಮನೆಮನೆಗೆ ಬಂದು, 1979ರ ಸೋನಿ ವಾಕ್‌ಮನ್ ಮೂಲಕ ಜಗತ್ತಿನ ಕಿವಿ ಹಿಡಿಯಿತು. ಅದರಿಂದ ಹೊರಬರುತ್ತಿದ್ದುದು ಸಿದ್ಧ ಅಲೆ, ಹಾಗಾಗಿ ಯಾವ ಕಂಪನಿಯ ಇಯರ್‌ಫೋನನ್ನು ಯಾವ ಫೋನಿಗೆ ಚುಚ್ಚಿದರೂ ಸಾಮಾನ್ಯವಾಗಿ ಕೇಳುತ್ತಿತ್ತು.

ಈಗಿನ ಕಿಂಡಿಗಳಾದ ಟೈಪ್-ಸಿ, ಲೈಟ್ನಿಂಗ್, ಎಚ್‌ಡಿಎಂಐ, ಆಪ್ಟಿಕಲ್‌ಗಳಲ್ಲಿ ಹೆಚ್ಚಾಗಿ ಹೊರಬರುವುದು ಸಂಖ್ಯೆ. ಅದನ್ನು ಅಲೆಯಾಗಿಸುವ ಕೆಲಸ ಹೊರಗೆ ಎಲ್ಲಾದರೂ ನಡೆಯಲೇಬೇಕು. ಅಡಾಪ್ಟರ್ ಕೊಳ್ಳುವಾಗಲಾಗಲಿ, ಧ್ವನಿ ಬಾರದೆ ಪರದಾಡುವಾಗಲಾಗಲಿ ಓದುಗರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಈ ಜೋಡಣೆಯಲ್ಲಿ ಡ್ಯಾಕ್ ಎಲ್ಲಿದೆ? ಉತ್ತರ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಗೊಂದಲ ಅಲ್ಲಿಗೇ ಬಗೆಹರಿಯುತ್ತದೆ.

ಆಕಾರ ಒಂದೇ, ಬಗೆ ಎರಡು

2014ರಲ್ಲಿ ಬಂದ ಟೈಪ್-ಸಿ ಕಿಂಡಿಯೊಳಗೆ 24 ಸಂಪರ್ಕಗಳಿವೆ. ಅದನ್ನು ರೂಪಿಸಿದವರು ಧ್ವನಿಗೆ ಎರಡು ದಾರಿ ಬಿಟ್ಟರು. ಮೊದಲನೆಯದರಲ್ಲಿ ಫೋನಿನೊಳಗಿನ ಡ್ಯಾಕ್ ಅಲೆಯನ್ನು ತಯಾರಿಸಿ, ಡೇಟಾಕ್ಕೆಂದು ಇರುವ ಸಂಪರ್ಕಗಳ ಮೂಲಕವೇ ಹೊರಗೆ ಕಳಿಸುತ್ತದೆ. ಇಂಥ ಫೋನಿಗೆ ಬರಿಯ ತಂತಿಗಳಿರುವ, ಚಿಪ್ ಇಲ್ಲದ ಅಡಾಪ್ಟರ್ ಸಾಕು. 2017ರ ಶಿಯೋಮಿ ಮಿ 6 ಈ ಬಗೆಯದು. ಎರಡನೆಯ ದಾರಿಯಲ್ಲಿ ಫೋನ್ ಬರೀ ಸಂಖ್ಯೆ ಕೊಡುತ್ತದೆ, ಡ್ಯಾಕ್ ಅಡಾಪ್ಟರಿನೊಳಗಿರಬೇಕು. ಗೂಗಲ್ ಪಿಕ್ಸೆಲ್ 2, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 10ರಿಂದ ಈಚಿನ ಜ್ಯಾಕ್ ಇಲ್ಲದ ದುಬಾರಿ ಮಾದರಿಗಳು, ಟೈಪ್-ಸಿ ಇರುವ ಐಪ್ಯಾಡ್‌ಗಳು, 2023ರ ಐಫೋನ್ 15 ಮತ್ತು ನಂತರದವು ಈ ಸಾಲಿಗೆ ಸೇರುತ್ತವೆ.

ಚಿಪ್ ಇಲ್ಲದ ಅಡಾಪ್ಟರನ್ನು ಎರಡನೆಯ ಬಗೆಯ ಫೋನಿಗೆ ಹಾಕಿದರೆ ಏನೂ ಆಗದು. ಗೆಳೆಯರ ಫೋನಿನಲ್ಲಿ ಹಾಡಿದ ಕನೆಕ್ಟರ್ ತಮ್ಮದರಲ್ಲಿ ಮೂಕವಾಗುವುದು ಹೀಗೆ. ಟೈಪ್-ಸಿ ಪಿನ್ ಇರುವ ಇಯರ್‌ಫೋನುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳಲ್ಲೂ ಚಿಪ್ ಇರುವವು, ಇಲ್ಲದವು ಎರಡೂ ಮಾರುಕಟ್ಟೆಯಲ್ಲಿವೆ.

ಭಾರತೀಯ ಮಾನಕ ಸಂಸ್ಥೆ 2023ರ ಜನವರಿಯಲ್ಲಿ ಟೈಪ್-ಸಿ ಕೇಬಲ್, ಕಿಂಡಿಗಳ ಮಾನದಂಡವನ್ನು ಪ್ರಕಟಿಸಿತು. ಫೋನಿಗೊಂದು, ಲ್ಯಾಪ್‌ಟಾಪಿಗೊಂದು ಚಾರ್ಜರ್ ಇಟ್ಟುಕೊಳ್ಳುವ ಕಾಟ ಇದರಿಂದ ತಗ್ಗುತ್ತದೆ. ಆದರೆ ಆ ಕಿಂಡಿಯಲ್ಲಿ ಅಲೆಯ ರೂಪದ ಧ್ವನಿ ಕೊಡಬೇಕೆ ಬೇಡವೆ ಎಂಬುದು ತಯಾರಕರ ಆಯ್ಕೆ. ಕಿಂಡಿಯ ಆಕಾರ ನೋಡಿ ಅಡಾಪ್ಟರ್ ಆರಿಸುವಂತಿಲ್ಲ ಎನ್ನುವುದು ಅದಕ್ಕೇ.

ಹಾಗಾದರೆ ಯಾವುದು ಕೊಳ್ಳಬೇಕು? ಡ್ಯಾಕ್ ಇರುವ ಅಡಾಪ್ಟರ್. ಮೊದಲನೆಯ ಬಗೆಯ ಫೋನುಗಳಲ್ಲೂ ಬಹುಪಾಲು ಇಂಥದ್ದನ್ನು ಗುರುತಿಸುತ್ತವೆ. ಯುಎಸ್‌ಬಿ ಧ್ವನಿ ಸಾಧನಗಳಿಗೆ ಆಂಡ್ರಾಯ್ಡ್ 2014ರ 5.0 ಆವೃತ್ತಿಯಿಂದಲೇ ಬೆಂಬಲ ಕೊಟ್ಟಿದೆ. ಪೊಟ್ಟಣದ ಮೇಲೆ ಡ್ಯಾಕ್ ಎಂದೋ, 24 ಬಿಟ್, 96 ಕಿಲೋಹರ್ಟ್ಸ್ ಎಂದೋ ಬರೆದಿದ್ದರೆ ಒಳಗೆ ಚಿಪ್ ಇದೆ ಎಂಬ ಸೂಚನೆ. ಬರಹವನ್ನಷ್ಟೇ ನಂಬಬೇಕಾಗಿಲ್ಲ, ಪರೀಕ್ಷೆ ಸುಲಭ. ಇಯರ್‌ಫೋನ್ ಜೋಡಿಸಿದ ಅಡಾಪ್ಟರನ್ನು ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಗೆ ಚುಚ್ಚಿ ಧ್ವನಿ ಸಾಧನಗಳ ಪಟ್ಟಿ ತೆರೆಯಿರಿ. ಹೊಸ ಹೆಸರೊಂದು ಕಾಣಿಸಿಕೊಂಡರೆ ಡ್ಯಾಕ್ ಇದೆ. ಏನೂ ಬದಲಾಗದಿದ್ದರೆ ಒಳಗಿರುವುದು ಬರೀ ತಂತಿ.

ಎಲ್ಲ ಸರಿಯಿದ್ದರೂ ಧ್ವನಿ ಬಾರದಿದ್ದರೆ

ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ, ವಿವೊ ಫೋನುಗಳ ಅನೇಕ ಮಾದರಿಗಳಲ್ಲಿ ‘ಓಟಿಜಿ ಕನೆಕ್ಷನ್’ ಎಂಬ ಸೆಟ್ಟಿಂಗ್ ಇರುತ್ತದೆ. ಹೊರಗಿನ ಯುಎಸ್‌ಬಿ ಸಾಧನಕ್ಕೆ ವಿದ್ಯುತ್ ಕೊಡುವ ಗುಂಡಿ ಇದು. ಆಫ್ ಆಗಿದ್ದರೆ ಡ್ಯಾಕ್ ಚಿಪ್ಪಿಗೆ ಜೀವವೇ ಬರುವುದಿಲ್ಲ. ಬ್ಯಾಟರಿ ಉಳಿಸಲೆಂದು ಬಳಕೆಯಿಲ್ಲದೆ ಸುಮಾರು 10 ನಿಮಿಷ ಕಳೆದರೆ ಕೆಲವು ಫೋನುಗಳು ಅದನ್ನು ತಾವೇ ಆರಿಸಿಬಿಡುತ್ತವೆ. ಬೆಳಿಗ್ಗೆ ಕೇಳಿಸಿದ ಅಡಾಪ್ಟರ್ ಸಂಜೆ ಸುಮ್ಮನಾದರೆ ಮೊದಲು ಇಲ್ಲಿ ನೋಡಬೇಕು.

ಎರಡನೆಯ ಶಂಕಿತ ಕಿಂಡಿಯೊಳಗಿನ ದೂಳು. ಜೇಬಿನ ನೂಲು, ಮೈಸೂರು ರಸ್ತೆಯ ದೂಳು ಸೇರಿ ಟೈಪ್-ಸಿ ಕಿಂಡಿಯ ತಳದಲ್ಲಿ ಗಟ್ಟಿ ಪದರವಾಗುತ್ತದೆ. ಆಗ ಚಾರ್ಜ್ ಆಗುತ್ತದೆ, ಆದರೆ ಧ್ವನಿಯ ಸಂಪರ್ಕ ತುಂಡುತುಂಡಾಗುತ್ತದೆ. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ತೆಗೆಯಬಹುದು. ಗುಂಡುಸೂಜಿ, ಸಿಮ್ ಪಿನ್ ಹಾಕಿ ಕೆರೆಯಬಾರದು. ನಡುವಿನ ತೆಳು ನಾಲಗೆ ಮುರಿದರೆ ರಿಪೇರಿ ಖರ್ಚು ದೊಡ್ಡದು.

ಮೂರನೆಯ ಬಗೆಯ ದೋಷ ಸ್ವಲ್ಪ ವಿಚಿತ್ರ. ವಾದ್ಯಗಳು ಕೇಳಿಸುತ್ತವೆ, ಗಾಯಕರ ದನಿ ಮಾತ್ರ ದೂರದ ಬಾವಿಯೊಳಗಿಂದ ಬಂದಂತಿರುತ್ತದೆ. ಇಯರ್‌ಫೋನಿನ ಮೈಕ್ ಗುಂಡಿ ಒತ್ತಿ ಹಿಡಿದರೆ ತಟ್ಟನೆ ಸರಿಹೋಗುತ್ತದೆ. ಇದು ಪಿನ್ನಿನ ಉಂಗುರಗಳ ಕ್ರಮದ ತಕರಾರು. ಮೈಕ್ ಇರುವ ಪಿನ್ನಿನಲ್ಲಿ ನಾಲ್ಕು ಭಾಗಗಳಿರುತ್ತವೆ: ತುದಿ ಎಡಗಿವಿಗೆ, ಅದರ ಹಿಂದಿನ ಉಂಗುರ ಬಲಗಿವಿಗೆ. ಉಳಿದೆರಡರಲ್ಲಿ ಒಂದು ಗ್ರೌಂಡ್, ಇನ್ನೊಂದು ಮೈಕ್. ಈಗ ಚಾಲ್ತಿಯಲ್ಲಿರುವ ಸಿಟಿಐಎ ಕ್ರಮಕ್ಕೂ ಹಳೆಯ ಓಎಂಟಿಪಿ ಕ್ರಮಕ್ಕೂ ಇವೆರಡರ ಜಾಗ ಅದಲುಬದಲು. ಗ್ರೌಂಡ್ ತಪ್ಪಿದಾಗ ಎರಡೂ ಕಿವಿಗೆ ಸಮನಾಗಿ ಬರಬೇಕಾದ ಧ್ವನಿ ಅಳಿಸಿಹೋಗುತ್ತದೆ, ಹಾಡಿನಲ್ಲಿ ಹಾಗೆ ನಟ್ಟನಡುವೆ ಇರುವುದು ಗಾಯಕರ ದನಿ. ಪಿನ್ ಪೂರ್ತಿ ಒಳಗೆ ಹೋಗದಿದ್ದರೂ ಇದೇ ಲಕ್ಷಣ ಕಾಣುತ್ತದೆ. ದಪ್ಪನೆಯ ಬ್ಯಾಕ್‌ಕವರ್ ಪಿನ್ನಿಗೆ ಅಡ್ಡ ಬರುತ್ತಿದೆಯೇ ಎಂದು ಮೊದಲು ಕವರ್ ಕಳಚಿ ನೋಡಿ.

ಧ್ವನಿ ಬರುತ್ತದೆ, ಆದರೆ ಸಣ್ಣಗೆ ಎನ್ನುವ ದೂರು ಇನ್ನೊಂದು. ಆ್ಯಪಲ್‌ನ ಟೈಪ್-ಸಿ ಅಡಾಪ್ಟರ್ ಗುಣಮಟ್ಟಕ್ಕೆ ಹೆಸರಾದದ್ದು. ಆದರೆ ಹಲವು ಆಂಡ್ರಾಯ್ಡ್ ಫೋನುಗಳು ಅದರೊಳಗಿನ ವಾಲ್ಯೂಮ್ ನಿಯಂತ್ರಣವನ್ನು ಪೂರ್ತಿ ಏರಿಸುವುದಿಲ್ಲವಾದ್ದರಿಂದ ಅಲ್ಲಿ ದನಿ ಕುಗ್ಗುತ್ತದೆ. ಅದರ ಯುರೋಪ್ ಮಾದರಿಯ ಔಟ್‌ಪುಟ್ ಅಮೆರಿಕದ ಮಾದರಿಯ ಸುಮಾರು ಅರ್ಧ; ಅಲ್ಲಿನ ಶ್ರವಣ ಸುರಕ್ಷತಾ ನಿಯಮವೇ ಇದಕ್ಕೆ ಕಾರಣ. ವಿದೇಶದಿಂದ ನೆಂಟರ ಕೈಲಿ ತರಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಹೆಡ್‌ಫೋನ್ ಎಷ್ಟು ಬಲ ಬೇಡುತ್ತದೆ ಎನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಇಯರ್‌ಫೋನುಗಳ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 16ರಿಂದ 32 ಓಮ್. ಬೆರಳುದ್ದದ ಯಾವ ಡಾಂಗಲ್ (ಡ್ಯಾಕ್ ಇರುವ ಪುಟ್ಟ ಅಡಾಪ್ಟರ್) ಬೇಕಾದರೂ ಅವನ್ನು ನಡೆಸಬಲ್ಲದು. ಸ್ಟುಡಿಯೊ ಕೆಲಸದ ಹೆಡ್‌ಫೋನುಗಳು ಬೇರೆ ಲೋಕ. ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿನದು 300 ಓಮ್. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80 ಮತ್ತು 250 ಓಮ್‌ಗಳ ರೂಪದಲ್ಲಿ ಸಿಗುತ್ತದೆ. ಇವಕ್ಕೆ ಹೆಚ್ಚು ವೋಲ್ಟೇಜ್ ಕೊಡುವ ಡ್ಯಾಕ್ ಬೇಕು.

ಹಳೆಯ ಐಫೋನ್, ಹೊಸ ಐಫೋನ್

ಐಫೋನ್ 7ರಿಂದ 14ರವರೆಗೆ ಲೈಟ್ನಿಂಗ್ ಕಿಂಡಿ. ಅದಕ್ಕೆ ಆ್ಯಪಲ್ ತಯಾರಿಸಿದ ಪುಟ್ಟ ಅಡಾಪ್ಟರಿನ ಬಾಲದಲ್ಲೇ ಡ್ಯಾಕ್ ಅಡಗಿದೆ. ಬೇರೆ ಕಂಪನಿಯದು ಕೊಳ್ಳುವಾಗ ಆ್ಯಪಲ್‌ನ ಎಂಎಫ್‌ಐ ಮಾನ್ಯತೆ ಇರುವುದನ್ನೇ ಆರಿಸಬೇಕು. ಅಗ್ಗದ ಲೈಟ್ನಿಂಗ್ ಇಯರ್‌ಫೋನುಗಳಲ್ಲಿ ಒಂದು ತಂತ್ರ ಇದೆ: ತಂತಿ ಚುಚ್ಚಿದ ಮೇಲೂ ಬ್ಲೂಟೂತ್ ಆನ್ ಮಾಡಲು ಹೇಳುತ್ತವೆ. ಅವು ಕಿಂಡಿಯಿಂದ ವಿದ್ಯುತ್ತನ್ನಷ್ಟೇ ಎಳೆದುಕೊಂಡು ಧ್ವನಿಯನ್ನು ಬ್ಲೂಟೂತ್ ಮೂಲಕ ಪಡೆಯುತ್ತವೆ. ತಂತಿಯ ಬೆಲೆ ಕೊಟ್ಟವರಿಗೆ ತಂತಿಯ ಗುಣ ಸಿಗುವುದಿಲ್ಲ.

ಐಫೋನ್ 15ರಿಂದ ಟೈಪ್-ಸಿ ಬಂದದ್ದು ಬಳಕೆದಾರರಿಗೆ ಅನುಕೂಲವಾಯಿತು. ಆಂಡ್ರಾಯ್ಡ್ ಫೋನಿಗೆ, ಲ್ಯಾಪ್‌ಟಾಪಿಗೆ ಬಳಸುವ ಡ್ಯಾಕ್ ಡಾಂಗಲ್ಲೇ ಇದಕ್ಕೂ ಸಾಕು. ಮನೆಯಲ್ಲಿ ಎರಡು ಬಗೆಯ ಫೋನುಗಳಿದ್ದರೆ ಒಂದೇ ಡಾಂಗಲ್ಲನ್ನು ಹಂಚಿಕೊಳ್ಳಬಹುದು.

ರೇಡಿಯೊ ಕೇಳುವವರು ಗಮನಿಸಬೇಕಾದದ್ದು

ಜ್ಯಾಕ್ ಹೋದಾಗ ಸದ್ದಿಲ್ಲದೆ ಕಳೆದುಹೋದದ್ದು ಎಫ್‌ಎಂ. ಫೋನಿನ ಎಫ್‌ಎಂ ರೇಡಿಯೊಗೆ ಆಂಟೆನಾ ಆಗಿದ್ದುದು ಹೆಡ್‌ಫೋನಿನ ತಂತಿಯೇ. ಅದನ್ನು ಚುಚ್ಚದೆ 101.3ರ ಕನ್ನಡ ಕಾಮನಬಿಲ್ಲು ಆಗಲಿ, 102.9ರ ವಿವಿಧ ಭಾರತಿಯಾಗಲಿ ಸಿಗುತ್ತಿರಲಿಲ್ಲ. ಟೈಪ್-ಸಿ ಡ್ಯಾಕ್ ಡಾಂಗಲ್ ಹಾಕಿದಾಗ ತಂತಿಗೂ ಫೋನಿನೊಳಗಿನ ರೇಡಿಯೊ ಚಿಪ್ಪಿಗೂ ನಂಟು ತಪ್ಪುತ್ತದೆ, ಹಾಗಾಗಿ ಸಾಮಾನ್ಯವಾಗಿ ಎಫ್‌ಎಂ ಕೇಳದು.

ಇದು ಹಳೆಯ ಹಾಡಿನ ಗೀಳಿನ ಮಾತಲ್ಲ. ನೆರೆ, ಬಿರುಗಾಳಿಗಳಲ್ಲಿ ಮೊಬೈಲ್ ಟವರ್ ಕೆಟ್ಟರೂ ಆಕಾಶವಾಣಿ ಕೇಳುತ್ತಿರುತ್ತದೆ. ಈ ಕಾರಣಕ್ಕೇ 2023ರ ಏಪ್ರಿಲ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಫೋನುಗಳಲ್ಲಿರುವ ಎಫ್‌ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ತಯಾರಕರ ಸಂಘಟನೆಗಳಿಗೆ ಸೂಚಿಸಿತು. ಇಂಟರ್ನೆಟ್ ಇದ್ದಾಗ ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳನ್ನು ಯಾವ ಹೆಡ್‌ಫೋನಿನಲ್ಲಾದರೂ ಕೇಳಬಹುದು. ಇಂಟರ್ನೆಟ್ ಇಲ್ಲದೆಯೂ ರೇಡಿಯೊ ಬೇಕೆನ್ನುವ ಹಿರಿಯರಿಗೆ ದುಂಡನೆಯ ಜ್ಯಾಕ್ ಉಳಿಸಿಕೊಂಡಿರುವ ಫೋನ್ ಕೊಡಿಸುವುದು ಅಥವಾ ಪುಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು.

ಬ್ಲೂಟೂತ್ ಎಲ್ಲಿ ಸಾಕು, ಎಲ್ಲಿ ಸಾಲದು

ಬ್ಲೂಟೂತ್‌ನಲ್ಲೂ ಡ್ಯಾಕ್ ಇದೆ, ಅದು ಕಿವಿಯೊಳಗಿನ ಬಡ್‌ನಲ್ಲೇ ಇರುತ್ತದೆ. ಪಾಠ, ಸುದ್ದಿ, ಸಿನಿಮಾ ಹಾಡುಗಳಿಗೆ ಅದು ಧಾರಾಳವಾಗಿ ಸಾಕು. ಸಾಲದೆ ಬರುವುದು ಧ್ವನಿ ತಡವಾಗಬಾರದ ಕೆಲಸಗಳಲ್ಲಿ. ಧ್ವನಿಯನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಮತ್ತೆ ಹಿಗ್ಗಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಕಳೆದಿರುತ್ತದೆ. ವಿಡಿಯೊ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸುತ್ತವೆ. ಆದರೆ ಸ್ಮ್ಯೂಲ್‌ನಂಥ ಕರೋಕೆ ಆ್ಯಪ್‌ಗಳಲ್ಲಿ ಹಾಡುವವರಿಗೆ ತಮ್ಮದೇ ದನಿ ತಾಳ ತಪ್ಪಿ ಕೇಳುತ್ತದೆ. ತಂತಿಯ ಹೆಡ್‌ಫೋನ್ ಬಳಸಿ ಎಂದು ಇಂಥ ಆ್ಯಪ್‌ಗಳು ಸಲಹೆ ಕೊಡುವುದು ಇದಕ್ಕೇ.

ಸಂಗೀತ ಕಲಿಯುವವರಿಗೂ ಇದು ಮುಖ್ಯ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲಿ ಅದನ್ನು ರೂಪಿಸಿ ರಾಡೆಲ್ ಸಂಸ್ಥೆ ಕಟ್ಟಿದರು. ಈಗ ಬಹಳ ಮಕ್ಕಳು ಫೋನಿನ ತಂಬೂರಿ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ. ಬರೀ ಶ್ರುತಿಗೆ ಬ್ಲೂಟೂತ್ ಆದರೂ ನಡೆದೀತು. ಫೋನನ್ನೇ ಕೀಬೋರ್ಡ್ ಮಾಡಿಕೊಂಡು ನುಡಿಸುವಾಗ, ಟ್ರ್ಯಾಕ್ ಕೇಳುತ್ತ ದನಿ ಮುದ್ರಿಸುವಾಗ ಡ್ಯಾಕ್ ಡಾಂಗಲ್ ಮತ್ತು ತಂತಿಯೇ ಬೇಕು.

ಬ್ಲೂಟೂತ್ ಬಡ್‌ಗಳ ಮೈಕ್ ಬಳಸಿ ಆನ್‌ಲೈನ್ ಸಂದರ್ಶನ ಕೊಡುವವರೂ ಇದನ್ನು ತಿಳಿದಿರಬೇಕು. ಮೈಕ್ ಆನ್ ಆದ ಕೂಡಲೇ ಹಳೆಯ ಬ್ಲೂಟೂತ್ ವ್ಯವಸ್ಥೆ ಕರೆಯ ಮೋಡ್‌ಗೆ ಜಾರುತ್ತದೆ, ಕೇಳುವ ಧ್ವನಿಯೂ ಟೆಲಿಫೋನಿನಷ್ಟು ಬಡವಾಗುತ್ತದೆ. ತಂತಿಯ ಹೆಡ್‌ಸೆಟ್‌ನಲ್ಲಿ ಈ ಇಳಿತ ಇಲ್ಲ.

ಲ್ಯಾಪ್‌ಟಾಪ್, ಟಿವಿ, ಪುಟ್ಟ ಕಂಪ್ಯೂಟರ್

ಲ್ಯಾಪ್‌ಟಾಪುಗಳಲ್ಲಿ ಜ್ಯಾಕ್ ಇನ್ನೂ ಬದುಕಿದೆ. 2021ರಿಂದ ಈಚಿನ ಮ್ಯಾಕ್‌ಬುಕ್ ಪ್ರೊಗಳ ಜ್ಯಾಕ್ ಹೆಚ್ಚು ಓಮ್‌ನ ಹೆಡ್‌ಫೋನನ್ನು ತಾನೇ ಗುರುತಿಸಿ 3 ವೋಲ್ಟ್‌ವರೆಗೂ ಕೊಡಬಲ್ಲದು. ಡೆಲ್‌ನ 2022ರ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ ಜ್ಯಾಕ್ ಇಲ್ಲ. ಹಳೆಯ ಲ್ಯಾಪ್‌ಟಾಪಿನ ಜ್ಯಾಕ್ ಸಡಿಲವಾಗಿ ಒಂದೇ ಕಿವಿಗೆ ಕೇಳುತ್ತಿದ್ದರೆ ಮದರ್‌ಬೋರ್ಡ್ ಮುಟ್ಟುವ ಅಗತ್ಯವಿಲ್ಲ, ಅಗಲವಾದ ಯುಎಸ್‌ಬಿ ಕಿಂಡಿಗೆ ಹಾಕುವ ಅಗ್ಗದ ಸೌಂಡ್ ಕಾರ್ಡ್ ಸಾಕು. ಫೋನಿಗೆಂದು ಕೊಂಡ ಟೈಪ್-ಸಿ ಡಾಂಗಲ್ಲನ್ನೇ ಅಗಲ ಯುಎಸ್‌ಬಿಗೆ ತಿರುಗಿಸುವ ಪುಟ್ಟ ಪರಿವರ್ತಕದ ಮೂಲಕವೂ ಹಾಕಬಹುದು.

ಟಿವಿಯ ವಿಷಯ ಕೊಂಚ ಉದ್ದ. ಮಕ್ಕಳು ಪರೀಕ್ಷೆಗೆ ಓದುವಾಗ ಅಜ್ಜಿ ಧಾರಾವಾಹಿ ನೋಡಬೇಕು, ಅವರಿಗೆ ಕಿವಿ ಸ್ವಲ್ಪ ಮಂದ. ಇಂಥ ಮನೆಗಳಲ್ಲಿ ಟಿವಿಗೆ ಹೆಡ್‌ಫೋನ್ ಜೋಡಿಸುವುದು ಎಲ್ಲರಿಗೂ ನೆಮ್ಮದಿ. ಈಗಿನ ಎಷ್ಟೋ ಟಿವಿಗಳಲ್ಲಿ ದುಂಡನೆಯ ಜ್ಯಾಕ್ ಇಲ್ಲ, ಹಿಂಬದಿಯಲ್ಲಿ ಆಪ್ಟಿಕಲ್ ಎಂಬ ಚೌಕ ಕಿಂಡಿ ಇರುತ್ತದೆ. 1983ರಲ್ಲಿ ತೋಷಿಬಾ ತಂದ ಈ ವ್ಯವಸ್ಥೆಯಲ್ಲಿ ಧ್ವನಿಯ ಸಂಖ್ಯೆಗಳು ಕೆಂಪು ಬೆಳಕಾಗಿ ಹರಿಯುತ್ತವೆ. ಆಪ್ಟಿಕಲ್ ಕೇಬಲ್ಲಿನ ಇನ್ನೊಂದು ತುದಿಗೆ ಬೆಂಕಿಪೊಟ್ಟಣದ ಗಾತ್ರದ ಡ್ಯಾಕ್ ಪೆಟ್ಟಿಗೆ ಬೇಕು. ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ಅದಕ್ಕೆ ವಿದ್ಯುತ್ ಕೊಡಬಹುದು. ಆಪ್ಟಿಕಲ್‌ನಿಂದ ಬರುವ ಧ್ವನಿ ಅನೇಕ ಟಿವಿಗಳಲ್ಲಿ ರಿಮೋಟ್ ಒತ್ತಿದರೂ ಏರಿಳಿಯುವುದಿಲ್ಲ, ಹಾಗಾಗಿ ವಾಲ್ಯೂಮ್ ತಿರುಪು ಇರುವ ಪೆಟ್ಟಿಗೆಯನ್ನೇ ಕೊಳ್ಳಬೇಕು.

ಪೆಟ್ಟಿಗೆ ಜೋಡಿಸಿದರೂ ಮೌನ ಅಥವಾ ಕರಕರ ಶಬ್ದ ಬಂದರೆ ಟಿವಿಯ ಆಡಿಯೊ ಸೆಟ್ಟಿಂಗ್ ತೆರೆದು ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ಗೆ ಬದಲಿಸಿ. ಡಾಲ್ಬಿ ಅಥವಾ ಬಿಟ್‌ಸ್ಟ್ರೀಮ್ ಎಂದಿದ್ದರೆ ಅಗ್ಗದ ಡ್ಯಾಕ್‌ಗಳಿಗೆ ಆ ಭಾಷೆ ಬಾರದು. ಟಿವಿಯಲ್ಲಿ ಆಪ್ಟಿಕಲ್ ಕೂಡ ಇಲ್ಲದಿದ್ದರೆ ಎಚ್‌ಡಿಎಂಐ ಆಡಿಯೊ ಎಕ್ಸ್‌ಟ್ರಾಕ್ಟರ್ ಎಂಬ ಪೆಟ್ಟಿಗೆಯನ್ನು ಸೆಟ್‌ಟಾಪ್ ಬಾಕ್ಸಿಗೂ ಟಿವಿಗೂ ನಡುವೆ ಹಾಕಬಹುದು. ಚಿತ್ರ ಮುಂದಕ್ಕೆ ಹೋಗುತ್ತದೆ, ಧ್ವನಿ ಪಕ್ಕದ ಜ್ಯಾಕಿನಲ್ಲಿ ಹೊರಬರುತ್ತದೆ. ಅದರ ಬದಿಯ ಸ್ವಿಚ್ಚನ್ನು ಎರಡು ಚಾನೆಲ್ಲಿಗೆ ಇಡಬೇಕು. ಆದರೆ ಟಿವಿಯೊಳಗಿನ ಆ್ಯಪ್‌ಗಳ ಧ್ವನಿ ಈ ದಾರಿಯಲ್ಲಿ ಬರುವುದಿಲ್ಲ. ಅದು ಬೇಕಾದರೆ ಟಿವಿಯ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಕಿಂಡಿಗೆ ಹೊಂದುವ ಪೆಟ್ಟಿಗೆ ಬೇಕು. ಎಚ್‌ಡಿಎಂಐ ಮೂಲಕ ಮಾನಿಟರ್ ಬಳಸುವವರು ಮೊದಲು ಅದರ ಬೆನ್ನು ನೋಡಲಿ. ಎಷ್ಟೋ ಮಾನಿಟರುಗಳಲ್ಲಿ ಹೆಡ್‌ಫೋನ್ ಜ್ಯಾಕ್ ಇದ್ದೇ ಇರುತ್ತದೆ, ಡ್ಯಾಕ್ ಒಳಗೇ ಇರುತ್ತದೆ, ಒಂದು ರೂಪಾಯಿ ಖರ್ಚಿಲ್ಲ.

ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ 2023ರ ಐದನೆಯ ಮಾದರಿಯಲ್ಲಿ ಜ್ಯಾಕ್ ಬಿಟ್ಟುಕೊಟ್ಟಿತು. ಅದಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ಅತಿ ಸರಳ ಪರಿಹಾರ. ಕಲಿಯುವ ಆಸಕ್ತಿ ಇರುವವರು ಪಿಸಿಎಂ 5102 ಚಿಪ್ಪಿನ ಪುಟ್ಟ ಬೋರ್ಡನ್ನು ಪೈಯ ಪಿನ್ನುಗಳಿಗೆ ಜೋಡಿಸಿ ನೋಡಬಹುದು. ಸಂಖ್ಯೆ ಅಲೆಯಾಗುವ ಜಾಗವನ್ನು ಕಣ್ಣಾರೆ ಕಾಣಲು ಇದಕ್ಕಿಂತ ಅಗ್ಗದ ಪಾಠವಿಲ್ಲ. ಇದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್. 1985ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿ ಚಿಪ್ ವಿನ್ಯಾಸದ ಕೆಲಸಕ್ಕೆ ನಾಂದಿ ಹಾಡಿದ ಕಂಪನಿಯೂ ಅದೇ.

ವಾಲ್ಯೂಮ್ ಎಷ್ಟಿರಬೇಕು?

ಮೆಟ್ರೊ ಸುರಂಗದ ಗದ್ದಲವನ್ನು ಮೀರಲು ವಾಲ್ಯೂಮ್ ಏರಿಸುವುದು ಎಲ್ಲರ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಜಂಟಿಯಾಗಿ ರೂಪಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಧ್ವನಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ವಾರಕ್ಕೆ 40 ಗಂಟೆ ಸುರಕ್ಷಿತ ಮಿತಿ. ಧ್ವನಿ 90 ಡೆಸಿಬೆಲ್‌ಗೆ ಏರಿದರೆ ವಯಸ್ಕರ ಪಾಲಿನ ಸಮಯ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ದಿನಕ್ಕೆ ಏಳೆಂಟು ಗಂಟೆ ಪಾಠ ಕೇಳುವ ವಿದ್ಯಾರ್ಥಿ ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹೊಸ ಡಾಂಗಲ್ ಹಾಕಿದಾಗ ವಾಲ್ಯೂಮ್ ಶೇ 50 ಎಂದು ತೋರಿಸಿದರೂ ಕಿವಿಗೆ ಬೀಳುವ ಜೋರು ಹಳೆಯದಕ್ಕಿಂತ ಬಹಳ ಬೇರೆಯಾಗಿರಬಹುದು. ಹೊರಗಿನ ಆಂಪ್ಲಿಫೈಯರ್, ಹೊರಗಿನ ಇಯರ್‌ಫೋನುಗಳ ಶಕ್ತಿ ಫೋನಿಗೆ ಗೊತ್ತಿರುವುದಿಲ್ಲ. ಮೊದಲ ಸಲ ವಾಲ್ಯೂಮನ್ನು ಪೂರ್ತಿ ಇಳಿಸಿ, ಆಮೇಲೆ ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡು ನಿಧಾನ ಏರಿಸಬೇಕು. ಕಿವಿಯನ್ನು ಚೆನ್ನಾಗಿ ಮುಚ್ಚುವ ರಬ್ಬರ್ ತುದಿಯ ಇಯರ್‌ಫೋನ್ ಹೊರಗಿನ ಗದ್ದಲವನ್ನು ತಡೆಯುವುದರಿಂದ ಕಡಿಮೆ ವಾಲ್ಯೂಮಿನಲ್ಲೇ ಪಾಠ ಸ್ಪಷ್ಟವಾಗಿ ಕೇಳುತ್ತದೆ. ರಸ್ತೆ ದಾಟುವಾಗ ಮಾತ್ರ ಅದನ್ನು ತೆಗೆಯಲೇಬೇಕು.

ಕೊಳ್ಳಲು ಹೋಗುವಾಗ

ದೀಪಾಂಜಲಿ ನಗರದ ಆಸುಪಾಸಿನ ಮೊಬೈಲ್ ಅಂಗಡಿಗಳಲ್ಲೇ ಸಾಮಾನ್ಯ ಅಡಾಪ್ಟರುಗಳು ಸಿಗುತ್ತವೆ. ಎಚ್‌ಡಿಎಂಐ ಎಕ್ಸ್‌ಟ್ರಾಕ್ಟರ್, ಆಪ್ಟಿಕಲ್ ಡ್ಯಾಕ್, ಪೈ ಬೋರ್ಡುಗಳಂಥವಕ್ಕೆ ಎಸ್.ಪಿ. ರಸ್ತೆಗೆ ಹೋಗುವುದು ಮೇಲು. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ತಲುಪಬಹುದು.

ಹೋಗುವಾಗ ಸ್ವಂತ ಫೋನ್, ಸ್ವಂತ ಇಯರ್‌ಫೋನ್ ಎರಡೂ ಜೊತೆಗಿರಲಿ. ಓಟಿಜಿ ಮೊದಲೇ ಆನ್ ಆಗಿರಲಿ. ‘ಡ್ಯಾಕ್ ಇರುವ ಟೈಪ್-ಸಿ ಅಡಾಪ್ಟರ್’ ಎಂದೇ ಕೇಳಬೇಕು. ಬರೀ ‘ಟೈಪ್-ಸಿ ಕನೆಕ್ಟರ್’ ಎಂದರೆ ಚಿಪ್ ಇಲ್ಲದ್ದು ಕೈಗೆ ಬರುವ ಸಾಧ್ಯತೆ ಹೆಚ್ಚು. ಕೌಂಟರಿನಲ್ಲೇ ನಿಂತು ನಾಲ್ಕು ಪರೀಕ್ಷೆ ಮಾಡಬಹುದು: ಹಾಡು ಎರಡೂ ಕಿವಿಗೆ ಬರುತ್ತದೆಯೇ, ಕರೆ ಮಾಡಿದಾಗ ಮೈಕ್ ಹಿಡಿಯುತ್ತದೆಯೇ, ತಂತಿಯ ಮೇಲಿನ ಗುಂಡಿ ಕೆಲಸ ಮಾಡುತ್ತದೆಯೇ, ಹಾಡು ನಿಲ್ಲಿಸಿದಾಗ ಸುಯ್ ಎಂಬ ಸದ್ದು ಉಳಿಯುತ್ತದೆಯೇ. ಒಟ್ಟಿಗೆ ಚಾರ್ಜೂ ಆಗಬೇಕು, ಹಾಡೂ ಕೇಳಬೇಕು ಎನ್ನುವವರು ಎರಡು ಕಿಂಡಿಯ ಅಡಾಪ್ಟರಿನ ಮೇಲೆ ಡ್ಯಾಕ್ ಮತ್ತು ಪಿಡಿ (ಪವರ್ ಡೆಲಿವರಿ) ಎರಡೂ ಬರೆದಿರುವುದನ್ನು ನೋಡಿಕೊಳ್ಳಬೇಕು. ಚಾರ್ಜರ್ ಚುಚ್ಚಿದಾಗ ಹಾಡು ನಿಂತುಹೋಗುತ್ತದೆಯೇ ಎಂಬುದನ್ನು ಅಂಗಡಿಯವರ ಚಾರ್ಜರಿನಲ್ಲೇ ಪರೀಕ್ಷಿಸಬಹುದು.

ಡಾಂಗಲ್ಲುಗಳು ಹೆಚ್ಚಾಗಿ ಸಾಯುವುದು ಪಿನ್ನಿನ ಬುಡದಲ್ಲಿ ತಂತಿ ಮುರಿದು. ಫೋನ್ ಜೇಬಿನಲ್ಲಿಡುವಾಗ ಡಾಂಗಲ್ ಮೇಲ್ಮುಖವಾಗಿರಲಿ. ತೆಗೆಯುವಾಗ ತಂತಿ ಎಳೆಯದೆ ಪಿನ್ನಿನ ಗಟ್ಟಿ ಭಾಗ ಹಿಡಿದು ಎಳೆಯಿರಿ. ಬಳಕೆಯಿಲ್ಲದಾಗ ಡಾಂಗಲ್ಲನ್ನು ಫೋನಿನಿಂದ ಕಳಚಿ ಇಯರ್‌ಫೋನಿನ ಪಿನ್ನಿಗೇ ಸಿಕ್ಕಿಸಿಟ್ಟರೆ ಬ್ಯಾಟರಿ ಖರ್ಚಾಗದು, ಡಾಂಗಲ್ ಕಳೆದೂಹೋಗದು. ಬಿಲ್ಲಿನ ಮೇಲೆ ಬದಲಿ ಅವಧಿ ಎಷ್ಟು ದಿನ ಎಂದು ಬರೆಸಿಕೊಂಡು, ಆ ದಿನಗಳೊಳಗೆ ಮನೆಯಲ್ಲಿರುವ ಪ್ರತಿ ಫೋನು, ಲ್ಯಾಪ್‌ಟಾಪಿಗೂ ಅದನ್ನು ಒಮ್ಮೆ ಹಾಕಿ ನೋಡಿಬಿಡಿ.